ತಪ್ಪು ಮೇಷ್ಟ್ರದ್ದಾದಾಗ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿದ್ದೆ. ಡಿಗ್ರಿಯಲ್ಲಿ ನನ್ನ ಹತ್ತಿರ ಭೂವಿಜ್ಞಾನ ಓದಿದವಳು. ಈಗ ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದಾಳೆ. ಬಯಲುಸೀಮೆಯ ಒಂದು ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಎಷ್ಟಿದೆ, ಬೇಸಿಗೆಗೂ ಮಳೆಗಾಲಕ್ಕೂ ಅದು ಹೇಗೆ ಏರಿಳಿಯುತ್ತದೆ ಎನ್ನುವುದು ಅವಳ ವಿಷಯ. ಊರೂರು ಸುತ್ತಿ, ಬೋರ್‌ವೆಲ್ ಮಾಲೀಕರನ್ನು ಕಾಡಿಬೇಡಿ ಮೋಟಾರು ಹಾಕಿಸಿ, ಸ್ವಲ್ಪ ಹೊತ್ತು ನೀರು ಹರಿಯಲು ಬಿಟ್ಟು, ಆಮೇಲೆ ಬಾಟಲಿ ತುಂಬಿಸಿ, ಅದರ ಮೇಲೆ ಊರು, ಸರ್ವೆ ನಂಬರು, ದಿನಾಂಕ ಬರೆದು ತಂದ ಹುಡುಗಿ. ಥೀಸಿಸ್ ಸಲ್ಲಿಸುವ ಮುಂಚೆ ಪ್ಲೇಜರಿಸಂ ಸರ್ಟಿಫಿಕೇಟ್, ಅಂದರೆ ಬೇರೆಯವರ ಬರಹ ಕದ್ದಿಲ್ಲ ಎನ್ನುವ ಪತ್ರ ಬೇಕು. ಅದಕ್ಕಾಗಿ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತಿದ್ದೆವು.

ವರದಿ ಬಂತು. ಬೇರೆ ಬರಹಗಳ ಜೊತೆ ಹೋಲಿಕೆ 31 ಶೇಕಡಾ. ಅವಳ ಮುಖ ಬಿಳಿಚಿಕೊಂಡಿತು. ಸಿಬ್ಬಂದಿ ಪುಟಗಳನ್ನು ಸರಿಸುತ್ತಾ ಹೋದರು. ಪೀಠಿಕೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಲಿಗೆ ಬಣ್ಣ. ನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಇಡೀ ಪುಟವೇ ಕೆಂಪು. ಬೋರ್‌ವೆಲ್‌ಗಳ ಕೋಷ್ಟಕ ಕೆಂಪು, ಅದರ ಕೆಳಗಿನ ವಿವರಣೆ ಕೆಂಪು, ನಕ್ಷೆಯ ಶೀರ್ಷಿಕೆ ಕೂಡ ಕೆಂಪು. ಬಲಬದಿಯಲ್ಲಿ ಮೂಲ ಯಾವುದೆಂದು ತೋರಿಸುವ ಜಾಗದಲ್ಲಿ ಒಂದು ಜರ್ನಲ್‌ನ ಹೆಸರಿತ್ತು. ಹಿಂದಿನ ವರ್ಷ ಪ್ರಕಟವಾದ ಲೇಖನ. ಲೇಖಕರು ಇಬ್ಬರು: ಅವಳ ಗೈಡು, ಮತ್ತು ಬಡ್ತಿಗೆ ಪೇಪರ್ ಸಾಲದೆ ಪರದಾಡುತ್ತಿದ್ದ ಅದೇ ವಿಭಾಗದ ಇನ್ನೊಬ್ಬ ಮೇಷ್ಟ್ರು. ಅವಳ ಹೆಸರು ಇರಲಿಲ್ಲ. ಕೃತಜ್ಞತೆಯಲ್ಲೂ ಇರಲಿಲ್ಲ. ಅವಳು ತಿದ್ದಲು ಕೊಟ್ಟಿದ್ದ ಕರಡು ಅಧ್ಯಾಯ ಹಾಗೇ ಅಚ್ಚಾಗಿತ್ತು. ಅವಳದೇ ನೀರಿನ ಬಾಟಲಿಗಳ ಲೆಕ್ಕ, ಅವಳದೇ ವಾಕ್ಯ. ಒಂದು ಕಡೆ ಅವಳು ಮಾಡಿದ್ದ ಕಾಗುಣಿತದ ತಪ್ಪೂ ಹಾಗೇ ಇತ್ತು. ತಂತ್ರಾಂಶದ ಪ್ರಕಾರ ಈಗ ಕದ್ದವಳು ಅವಳು.

ಆ ಸಿಬ್ಬಂದಿ ಒಳ್ಳೆಯ ಮನುಷ್ಯ. ಅವರಿಗೆ ಒಂದೇ ನೋಟಕ್ಕೆ ಅರ್ಥವಾಗಿತ್ತು. "ಇದು ನಿಮ್ಮ ಸರ್ ಪೇಪರೇ ಅಲ್ವೇನಮ್ಮ? ಅವರಿಂದ ಒಂದು ಲೆಟರ್ ತಂದುಬಿಡಿ, ಎಕ್ಸ್‌ಕ್ಲೂಡ್ ಮಾಡಿ ಇನ್ನೊಂದು ಸಲ ರನ್ ಮಾಡ್ತೀನಿ" ಅಂದರು. ಅವಳು ಹೋಗಿ ಪತ್ರ ತಂದಳು. ಗೈಡು ಎರಡನೇ ಮಾತಿಲ್ಲದೆ ಸಹಿ ಹಾಕಿದರಂತೆ. ಎರಡನೇ ವರದಿ ಒಂದಂಕಿಗೆ ಇಳಿಯಿತು, ಸರ್ಟಿಫಿಕೇಟ್ ಸಿಕ್ಕಿತು. ಹೊರಗೆ ಬಂದಾಗ ನಾನು ದೂರಿನ ಮಾತೆತ್ತಿದೆ. ಅವಳು ಕೇಳಿದ್ದು ಇಷ್ಟೇ: "ಕಂಪ್ಲೇಂಟ್ ಕೊಟ್ಟರೆ ನನ್ನ ವೈವಾ ಯಾರು ಮಾಡಿಸ್ತಾರೆ ಸರ್?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಅಂದಿನಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಿದೆ. ಸಂಶೋಧನೆಯಲ್ಲಿ ಅಪ್ರಾಮಾಣಿಕತೆ ಕಂಡುಬಂದಾಗ ನಮ್ಮ ವಿಶ್ವವಿದ್ಯಾಲಯಗಳು ಅದನ್ನು ನೌಕರ ಮತ್ತು ಸಂಸ್ಥೆಯ ನಡುವಿನ ಸೇವಾ ವಿಷಯವಾಗಿ ನೋಡುತ್ತವೆ. ಕಡತ ತೆರೆಯುವುದು, ನೋಟಿಸ್ ಕೊಡುವುದು, ಸಮಜಾಯಿಷಿ ಪಡೆಯುವುದು, ಕೊನೆಗೆ ಇನ್‌ಕ್ರಿಮೆಂಟ್ ಕಡಿತ ಅಥವಾ ಎಚ್ಚರಿಕೆ. ಆದರೆ ಅನ್ಯಾಯ ಆಗಿರುವುದು ಸಂಸ್ಥೆಗಲ್ಲ. ಆ ವಿದ್ಯಾರ್ಥಿಗೆ ಆಗಿದೆ. ಆ ಪೇಪರ್ ನಂಬಿ ತಮ್ಮ ಕೆಲಸ ಕಟ್ಟಿದವರಿಗೆ ಆಗಿದೆ. ಅಂಕಿಅಂಶವೇ ಸುಳ್ಳಾಗಿದ್ದರೆ ಆ ನೀರು ಕುಡಿಯುವ ಊರಿನವರಿಗೂ ಆಗುತ್ತದೆ. ಇಡೀ ವಿಚಾರಣೆಯಲ್ಲಿ ಇವರ ಯಾರ ಪ್ರಸ್ತಾಪವೂ ಇರುವುದಿಲ್ಲ. ಏನಾಯಿತೆಂದು ಅವರಿಗೆ ತಿಳಿಸುವವರೂ ಇಲ್ಲ.

2018ರ ನಿಯಮ

ಯುಜಿಸಿ 2018ರ ಜುಲೈನಲ್ಲಿ ಕೃತಿಚೌರ್ಯ ತಡೆಗೆ ನಿಯಮಾವಳಿ ಹೊರಡಿಸಿತು. ಪಿಎಚ್.ಡಿ. ಮಾಡುವವರಿಗೆಲ್ಲ ಅದರ ಶೇಕಡಾವಾರು ಲೆಕ್ಕ ಬಾಯಿಪಾಠ. ಹತ್ತರವರೆಗೆ ತೊಂದರೆಯಿಲ್ಲ, ಹತ್ತರಿಂದ ನಲವತ್ತು, ನಲವತ್ತರಿಂದ ಅರವತ್ತು, ಅರವತ್ತಕ್ಕಿಂತ ಮೇಲೆ ಎಂದು ಮೂರು ಹಂತ. ಅದರಲ್ಲಿ ವಿದ್ಯಾರ್ಥಿಗೆ ಒಂದು ದಂಡ, ಮೇಷ್ಟ್ರಿಗೆ ಇನ್ನೊಂದು ದಂಡ ಇರುವುದನ್ನು ಮಾತ್ರ ಹೆಚ್ಚು ಜನ ಗಮನಿಸಿದ ಹಾಗಿಲ್ಲ. ಥೀಸಿಸ್‌ನಲ್ಲಿ ಅರವತ್ತು ದಾಟಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಅಷ್ಟು ವರ್ಷದ ಕೆಲಸ, ಫೆಲೋಶಿಪ್, ಮುಂದಿನ ಬದುಕು ಎಲ್ಲವೂ ಅಲ್ಲಿಗೆ ನಿಂತಿತು. ಅಷ್ಟೇ ಪ್ರಮಾಣದ ಕಳವು ಪ್ರಾಧ್ಯಾಪಕರ ಲೇಖನದಲ್ಲಿ ಸಿಕ್ಕರೆ ಲೇಖನ ಹಿಂಪಡೆಯಬೇಕು, ಎರಡು ವಾರ್ಷಿಕ ಇನ್‌ಕ್ರಿಮೆಂಟ್ ಇಲ್ಲ, ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. ಕೆಲಸ ಹೋಗುವ ಮಾತು ಬರುವುದು ಅದೇ ತಪ್ಪನ್ನು ಮತ್ತೆ ಮಾಡಿದರೆ ಮಾತ್ರ. ಕಲಿಯುತ್ತಿರುವವರಿಗೆ ಕಠಿಣ ಶಿಕ್ಷೆ, ಕಲಿಸುವವರಿಗೆ ಹಗುರ ಶಿಕ್ಷೆ. ಇದು ತಲೆಕೆಳಗಾದ ನ್ಯಾಯ. ತಿಳಿಯದೆ ತಪ್ಪುವ ಸಾಧ್ಯತೆ ಹೆಚ್ಚಿರುವುದು ವಿದ್ಯಾರ್ಥಿಗೆ. ತಿಳಿದೂ ಮಾಡುವ ಸಾಧ್ಯತೆ ಹೆಚ್ಚಿರುವುದು ಇಪ್ಪತ್ತು ವರ್ಷ ಅನುಭವ ಇರುವವರಿಗೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಆ ನಿಯಮ ಅಳೆಯುವುದು ಅಕ್ಷರದ ಹೋಲಿಕೆಯನ್ನು. ಸತತ ಹದಿನಾಲ್ಕು ಪದಗಳವರೆಗಿನ ಆಕಸ್ಮಿಕ ಹೋಲಿಕೆಯನ್ನು ಬಿಡಬಹುದು ಎನ್ನುವಷ್ಟು ಸೂಕ್ಷ್ಮವಾಗಿ ಅದು ಲೆಕ್ಕ ಹಾಕುತ್ತದೆ. ಆದರೆ ಬೋರ್‌ವೆಲ್ ಹತ್ತಿರ ಹೋಗದೇ ಕೊಠಡಿಯಲ್ಲಿ ಕೂತು ಫ್ಲೋರೈಡ್ ಅಂಕಿಗಳನ್ನು ಸೃಷ್ಟಿಸಿದರೆ? ಒಂದೇ ಚಿತ್ರವನ್ನು ತಿರುಗಿಸಿ ಬೇರೆ ಪ್ರಯೋಗದ ಫಲಿತಾಂಶ ಎಂದು ಹಾಕಿದರೆ? ಕೆಲಸ ಮಾಡಿದ ಹುಡುಗಿಯ ಹೆಸರು ಅಳಿಸಿ ತಮ್ಮ ಹೆಸರು ಬರೆದುಕೊಂಡರೆ? ತಂತ್ರಾಂಶದಲ್ಲಿ ಇವೆಲ್ಲ ಶೂನ್ಯ ಶೇಕಡಾ. ಚೆನ್ನಾಗಿ ಹೆಣೆದ ಸುಳ್ಳು ಯಾವಾಗಲೂ ಸ್ವಂತ ವಾಕ್ಯದಲ್ಲೇ ಇರುತ್ತದೆ.

ದೂರನ್ನು ಮೊದಲು ವಿಚಾರಿಸುವವರು ಯಾರು ಅನ್ನುವುದನ್ನೂ ನೋಡಬೇಕು. ವಿಭಾಗ ಮಟ್ಟದ ಸಮಿತಿ. ಅದಕ್ಕೆ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. 45 ದಿನದಲ್ಲಿ ವರದಿ ಕೊಡಬೇಕು. ಅದರ ಮೇಲೆ ಸಂಸ್ಥೆಯ ಮಟ್ಟದ ಸಮಿತಿ, ಅದರಲ್ಲಿ ಹೊರಗಿನವರು ಒಬ್ಬರು. ನಮ್ಮ ವಿಭಾಗಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮುಖ್ಯಸ್ಥರ ಹುದ್ದೆ ಸರದಿಯ ಮೇಲೆ ತಿರುಗುತ್ತದೆ. ಇವತ್ತು ವಿಚಾರಣೆ ಮಾಡುವವರು ನಾಳೆ ಆರೋಪಿಯ ಕೈಕೆಳಗೆ ಕೆಲಸ ಮಾಡಬೇಕಾದವರು. ಒಬ್ಬರ ವಿದ್ಯಾರ್ಥಿಯ ವೈವಾಕ್ಕೆ ಇನ್ನೊಬ್ಬರು ಬೇಕು, ಒಬ್ಬರ ಬಡ್ತಿಗೆ ಇನ್ನೊಬ್ಬರ ಸಹಕಾರ ಬೇಕು. ಇಂಥ ಕಡೆ ಸತ್ಯ ಹೇಳು ಎಂದು ಒಬ್ಬರ ಮೇಲೆ ಭಾರ ಹಾಕುವುದು ಅವರಿಗೂ ಮಾಡುವ ಅನ್ಯಾಯವೇ.

ಹಿಮಾಲಯದಲ್ಲಿ ಸಿಕ್ಕ ನ್ಯೂಯಾರ್ಕಿನ ಪಳೆಯುಳಿಕೆ

ಭೂವಿಜ್ಞಾನ ಓದಿದವರಿಗೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಪ್ರಕರಣ ಗೊತ್ತಿರುತ್ತದೆ. ಉಳಿದವರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗುಪ್ತಾ ಸುಮಾರು ಕಾಲು ಶತಮಾನ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಬರೆದರು. ಮುನ್ನೂರಕ್ಕೂ ಹೆಚ್ಚು ಲೇಖನಗಳು, ಹಲವು ದೇಶಗಳ ಹೆಸರಾಂತ ತಜ್ಞರು ಸಹಲೇಖಕರು. ಕಾಶ್ಮೀರದಿಂದ ನೇಪಾಳ, ಭೂತಾನದವರೆಗೆ ಎಲ್ಲ ಕಡೆ ಅವರಿಗೆ ಅಪರೂಪದ ಪಳೆಯುಳಿಕೆ ಸಿಕ್ಕಿತ್ತು. ಹಿಮಾಲಯದ ಶಿಲಾಸ್ತರಗಳ ವಯಸ್ಸು ನಿರ್ಧರಿಸಲು, ಯಾವ ಸಮುದ್ರ ಯಾವಾಗ ಎಲ್ಲಿತ್ತು ಎಂದು ಹೇಳಲು ಆ ಲೇಖನಗಳನ್ನು ಜಗತ್ತಿನೆಲ್ಲೆಡೆ ಬಳಸುತ್ತಿದ್ದರು.

ಇದರಲ್ಲಿ ಏನೋ ಸರಿಯಿಲ್ಲ ಎಂದು ಬೆನ್ನು ಹತ್ತಿದವರು ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್. ಗುಪ್ತಾ ಹಿಮಾಲಯದ್ದೆಂದು ತೋರಿಸಿದ್ದ ಕೊನೊಡಾಂಟ್‌ಗಳು, ಅಂದರೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹಲ್ಲಿನಂಥ ಪಳೆಯುಳಿಕೆಗಳು, ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರದ ಆಮ್ಸ್‌ಡೆಲ್ ಕ್ರೀಕ್ ಎಂಬಲ್ಲಿಯವುಗಳನ್ನು ಎಲ್ಲ ರೀತಿಯಲ್ಲೂ ಹೋಲುತ್ತಿದ್ದವು. ಆ ಜಾಗದ ಮಾದರಿಗಳು ಪಾಠಕ್ಕಾಗಿ ಎಷ್ಟೋ ವಿಶ್ವವಿದ್ಯಾಲಯಗಳ ಸಂಗ್ರಹದಲ್ಲಿದ್ದವು. ಹಿಮಾಚಲದ್ದೆಂದು ವರದಿಯಾದ ಅಮೊನಾಯ್ಡ್‌ಗಳು, ಅಂದರೆ ಸುರುಳಿ ಚಿಪ್ಪಿನ ಸಮುದ್ರಜೀವಿಗಳ ಪಳೆಯುಳಿಕೆಗಳು, ಮೊರಾಕ್ಕೊದ ಎರ್ಫೂದ್ ಸುತ್ತಮುತ್ತ ಸಿಗುವಂಥವು. ಅವನ್ನು ವ್ಯಾಪಾರಿಗಳು ಯುರೋಪಿನ ಅಂಗಡಿಗಳಲ್ಲಿ ಮಾರುತ್ತಾರೆ. 1987ರಲ್ಲಿ ಕೆನಡಾದ ಕ್ಯಾಲ್ಗರಿಯ ಸಮ್ಮೇಳನದಲ್ಲಿ ಟ್ಯಾಲೆಂಟ್ ಇದನ್ನು ಎಲ್ಲರ ಎದುರು ಮಂಡಿಸಿದರು. ಗುಪ್ತಾ ಅಲ್ಲಿದ್ದರು. 1989ರ ಏಪ್ರಿಲ್‌ನಲ್ಲಿ ಅದು 'ನೇಚರ್' ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಗುಪ್ತಾ ತಮ್ಮ ಸಮರ್ಥನೆ ಬರೆದರು. ಅವರದೇ ವಿಶ್ವವಿದ್ಯಾಲಯದ, ಅವರ ಜೊತೆ ಲೇಖನ ಬರೆದಿದ್ದ ಅರುಣ್ ದೀಪ್ ಅಹ್ಲುವಾಲಿಯಾ ಗುಪ್ತಾ ಅವರ ವಿರುದ್ಧ ಬರೆದರು. ಒಂದೇ ಕಟ್ಟಡದಲ್ಲಿ ಕೆಲಸ ಮಾಡುತ್ತಾ ಹಾಗೆ ಬರೆಯಲು ಎಂಥ ಧೈರ್ಯ ಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬೆಂಗಳೂರಿಗೂ ಇದರಲ್ಲಿ ಒಂದು ಪಾತ್ರವಿದೆ, ನಾವು ಹೆಮ್ಮೆಪಡಬೇಕಾದ ಪಾತ್ರ. ಟ್ಯಾಲೆಂಟ್ ಮತ್ತು ಸಂಗಡಿಗರು ಗುಪ್ತಾ ಲೇಖನಗಳನ್ನು ಪರಿಶೀಲಿಸಿ ಬರೆದ ದೀರ್ಘ ಲೇಖನವನ್ನು 1990ರಲ್ಲಿ ಅಚ್ಚು ಹಾಕಿದ್ದು ಬೆಂಗಳೂರಿನಿಂದ ಬರುವ ಭಾರತೀಯ ಭೂವೈಜ್ಞಾನಿಕ ಸೊಸೈಟಿಯ ಜರ್ನಲ್. ಅದರ ಸಂಪಾದಕರು ಬಿ.ಪಿ. ರಾಧಾಕೃಷ್ಣ. ದೇಶದ ಮಾನ ಹೋಗುತ್ತದೆ, ವಿದೇಶಿಯರ ಮಾತು ಕೇಳಬೇಡಿ ಎನ್ನುವ ದನಿ ಸುಲಭವಾಗಿ ಏಳುವ ಹೊತ್ತಿನಲ್ಲಿ ಒಬ್ಬ ಭಾರತೀಯ ಸಂಪಾದಕ ತನ್ನ ಪತ್ರಿಕೆಯ ಪುಟಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ದೇಶದ ಮಾನ ಉಳಿದದ್ದು ಇಂಥವರಿಂದ.

ಇನ್ನು ವಿಶ್ವವಿದ್ಯಾಲಯ. ಅದು ಗುಪ್ತಾ ಅವರನ್ನು ಕೆಲಕಾಲ ಅಮಾನತು ಮಾಡಿ ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ವಿಚಾರಣೆ 1994ರಲ್ಲಿ ಮುಗಿದು ಆರೋಪ ಸಾಬೀತಾಯಿತು. ಆದರೂ ಅವರು ಹುದ್ದೆಯಲ್ಲಿ ಮುಂದುವರಿದರು. 2002ರಲ್ಲಿ ವಯಸ್ಸಾಗಿ ನಿವೃತ್ತರಾದರು. ಸಮ್ಮೇಳನದಲ್ಲಿ ಆರೋಪ ಕೇಳಿಬಂದ ಮೇಲೆ ಹದಿನೈದು ವರ್ಷ. ಅಷ್ಟರಲ್ಲಿ ಎಷ್ಟು ಬ್ಯಾಚಿನ ವಿದ್ಯಾರ್ಥಿಗಳು ಅದೇ ಕಾರಿಡಾರಿನಲ್ಲಿ ಓಡಾಡಿರಬೇಕು! ತಪ್ಪು ಸಾಬೀತಾದ ಮೇಲೂ ಏನೂ ಆಗುವುದಿಲ್ಲ ಎನ್ನುವ ಪಾಠವನ್ನು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕರೈನ ಬಿಸಿಲಲ್ಲಿ ಕಲಿತದ್ದು

ಪಳೆಯುಳಿಕೆಯ ಊರು ಬದಲಿಸುವುದು ಎಂಥ ಅಪರಾಧ ಎನ್ನುವುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ದಕ್ಷಿಣದ ಭೂವಿಜ್ಞಾನ ವಿದ್ಯಾರ್ಥಿಗಳು ಪಳೆಯುಳಿಕೆ ನೋಡಲು ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ ಹೋಗುವುದು ವಾಡಿಕೆ. ನಮ್ಮ ಕರ್ನಾಟಕದ ಬಹುಪಾಲು ಬಂಡೆಗಳು ಅಂಥ ಜೀವಿಗಳು ಹುಟ್ಟುವ ಎಷ್ಟೋ ಮುಂಚಿನವು. ಚಿಪ್ಪು, ಮೂಳೆ ಹುಡುಕಬೇಕಾದರೆ ಗಡಿ ದಾಟಲೇಬೇಕು. ಎಂ.ಎಸ್ಸಿ.ಯಲ್ಲಿ ನಮ್ಮನ್ನೂ ಕರೈ ಎಂಬ ಹಳ್ಳಿಯ ಹತ್ತಿರ ಕರೆದುಕೊಂಡು ಹೋಗಿದ್ದರು. ಹುಲ್ಲು ಕೂಡ ಬೆಳೆಯದ, ಮಳೆನೀರು ಕೊರೆದು ಸೀಳು ಸೀಳಾದ ಜೇಡಿಮಣ್ಣಿನ ಬಯಲು ಅದು. ಮಣ್ಣಿನ ಮೇಲೆಯೇ ಬೆಲೆಮ್ನೈಟ್ ಎಂಬ ಹಳೆಯ ಸಮುದ್ರಜೀವಿಯ ಪಳೆಯುಳಿಕೆಗಳು ಬಿದ್ದಿರುತ್ತವೆ, ಸೀಸದಕಡ್ಡಿಯ ತುಂಡಿನ ಹಾಗೆ. ಅದೃಷ್ಟವಿದ್ದರೆ ಸುರುಳಿ ಸುತ್ತಿದ ಅಮೊನೈಟ್. ಹತ್ತು ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು.

ನಮ್ಮ ಸಂಗಡಿಗನೊಬ್ಬ ಅಂಗೈ ಅಗಲದ ಅಮೊನೈಟ್ ಸಿಕ್ಕ ಖುಷಿಗೆ ಅದನ್ನು ಎತ್ತಿಕೊಂಡು ಓಡಿ ಬಂದ. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು, "ಎಲ್ಲಿ ಸಿಕ್ತಪ್ಪಾ?" ಎಂದು ಕೇಳಿದರು. "ಅಲ್ಲಿ ಸರ್" ಎಂದು ಅವನು ಬಯಲಿನ ಕಡೆ ಕೈ ತೋರಿಸಿದ. "ಅಲ್ಲಿ ಅಂದರೆ? ಯಾವ ಸೀಳು? ಯಾವ ಪದರದ ಮೇಲೆ? ಕೆಳಗಿನ ಪದರದಿಂದ ಎದ್ದದ್ದಾ, ಮೇಲಿನಿಂದ ಉರುಳಿ ಬಂದದ್ದಾ?" ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಗದರಲಿಲ್ಲ. ಅದನ್ನು ವಾಪಸು ಅವನ ಕೈಗಿಟ್ಟು, "ಇದನ್ನು ಮನೆಗೆ ತಗೊಂಡು ಹೋಗಿ ಶೋಕೇಸಲ್ಲಿ ಇಡು. ಚೆನ್ನಾಗಿ ಕಾಣುತ್ತೆ. ನನ್ನ ಡಬ್ಬಿಗೆ ಮಾತ್ರ ಬೇಡ" ಅಂದರು. ಆಮೇಲೆ ನಮ್ಮೆಲ್ಲರನ್ನೂ ಕೂರಿಸಿಕೊಂಡು ಒಂದೊಂದು ಮಾದರಿಯನ್ನೂ ಕಾಗದದಲ್ಲಿ ಸುತ್ತುವ ಮುಂಚೆ ಹೇಗೆ ನಂಬರು ಬರೆಯಬೇಕು, ಅದೇ ನಂಬರನ್ನು ಫೀಲ್ಡ್ ನೋಟ್‌ಬುಕ್ಕಿನಲ್ಲಿ ಪದರದ ಚಿತ್ರದ ಪಕ್ಕ ಹೇಗೆ ಬರೆಯಬೇಕು, ಕಾಗದದ ಒಳಗೊಂದು ಚೀಟಿ ಯಾಕೆ ಹಾಕಬೇಕು ಎಂದು ತೋರಿಸಿದರು. ಹೊರಗಿನ ಬರಹ ಅಳಿಸಿಹೋದರೂ ಒಳಗಿನ ಚೀಟಿ ಉಳಿಯಬೇಕು. ನೋಟ್‌ಬುಕ್ಕಿನಲ್ಲಿ ತಪ್ಪಾದರೆ ಅಳಿಸಬಾರದು, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು.

ಗುಪ್ತಾ ಲೇಖನಗಳಲ್ಲಿ ಇಲ್ಲದೇ ಹೋದದ್ದು ಇದೇ. ಜಾಗಗಳ ವಿವರ ಎಷ್ಟು ಮಸುಕಾಗಿತ್ತೆಂದರೆ ಬೇರೆಯವರು ಹೋಗಿ ಹುಡುಕಿದರೆ ಆ ಜಾಗ ಸಿಗುತ್ತಿರಲಿಲ್ಲ, ಜಾಗ ಸಿಕ್ಕರೆ ಪಳೆಯುಳಿಕೆ ಸಿಗುತ್ತಿರಲಿಲ್ಲ. ಹಿಮಾಲಯಕ್ಕೆ ಹೋಗಿ ಪರೀಕ್ಷಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಗಡಿಯ ನಿರ್ಬಂಧ ಇರುತ್ತದೆ, ಹಿಮ ಇರುತ್ತದೆ, ಹಣ ಬೇಕು. ವಿಜ್ಞಾನದ ಬಹುಭಾಗ ಹೀಗೆ ಒಬ್ಬರನ್ನೊಬ್ಬರು ನಂಬಿಯೇ ನಡೆಯುತ್ತದೆ. ಆ ನಂಬಿಕೆಯನ್ನು ಒಬ್ಬ ಪ್ರಾಧ್ಯಾಪಕ ತಿಳಿದೂ ತಿಳಿದೂ ಮುರಿದಾಗ ಎರಡು ಇನ್‌ಕ್ರಿಮೆಂಟ್ ಅದಕ್ಕೆ ಸಮವಾಗುವುದು ಹೇಗೆ?

ಮತ್ತೆರಡು ಪ್ರಕರಣ, ಮತ್ತೊಂದು ಕ್ಷಮಾಪಣೆ

2002ರಲ್ಲಿ ಕುಮಾವೂ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಬಿ.ಎಸ್. ರಜಪೂತ್ ಅವರ ಲೇಖನವೊಂದು ಸ್ಟ್ಯಾನ್‌ಫೋರ್ಡಿನ ರೆನಾಟಾ ಕಲ್ಲೋಶ್ ಅವರ ಹಿಂದಿನ ಲೇಖನದ ನಕಲು ಎಂದು ಹೊರಬಿತ್ತು. ನೊಬೆಲ್ ಪುರಸ್ಕೃತರೂ ಸೇರಿದಂತೆ ಸ್ಟ್ಯಾನ್‌ಫೋರ್ಡಿನ ಪ್ರಾಧ್ಯಾಪಕರು ನೇರವಾಗಿ ರಾಷ್ಟ್ರಪತಿ ಕಲಾಂ ಅವರಿಗೆ ಪತ್ರ ಬರೆದರು. ನಂತರ ನ್ಯಾಯಮೂರ್ತಿಯೊಬ್ಬರ ವಿಚಾರಣೆ ನಡೆದು 2003ರ ಫೆಬ್ರವರಿಯಲ್ಲಿ ಕುಲಪತಿ ರಾಜೀನಾಮೆ ಕೊಟ್ಟರು. ಅಲ್ಲಿ ನ್ಯಾಯ ಸಿಕ್ಕಿತು, ಬೇಗ ಸಿಕ್ಕಿತು. ಆದರೆ ಅದಕ್ಕೆ ಬೇಕಾದದ್ದು ನೊಬೆಲ್ ಪಡೆದವರ ಸಹಿ. ಬಯಲುಸೀಮೆಯ ಹುಡುಗಿಯ ನಾಲ್ಕನೇ ಅಧ್ಯಾಯಕ್ಕಾಗಿ ರಾಷ್ಟ್ರಪತಿಗೆ ಯಾರು ಬರೆಯುತ್ತಾರೆ?

2008ರಲ್ಲಿ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಒಬ್ಬ ರಸಾಯನಶಾಸ್ತ್ರ ಪ್ರಾಧ್ಯಾಪಕರ ಪ್ರಕರಣ ಬಂತು. ಮೂರ್ನಾಲ್ಕು ವರ್ಷದಲ್ಲಿ ಪ್ರಕಟಿಸಿದ ಸುಮಾರು 70 ಲೇಖನಗಳು ನಕಲು ಅಥವಾ ಕಟ್ಟುಕತೆ. ಇದನ್ನು ಪತ್ತೆಹಚ್ಚಿದವರೂ ಹೊರಗಿನವರೇ, ಅಮೆರಿಕದ ಟೆಕ್ಸಸ್‌ನಲ್ಲಿದ್ದ ಪೂರ್ಣೇಂದು ದಾಸ್‌ಗುಪ್ತ. ವಿಶ್ವವಿದ್ಯಾಲಯ ಆ ಪ್ರಾಧ್ಯಾಪಕರನ್ನು ಮಾರ್ಗದರ್ಶನದಿಂದ, ಪರೀಕ್ಷಾ ಕೆಲಸದಿಂದ ದೂರ ಇಟ್ಟಿತು, ಕೆಲಸದಿಂದ ತೆಗೆಯಲಿಲ್ಲ.

ನಮ್ಮ ಬೆಂಗಳೂರಿನ ಒಂದು ವಿಷಯ ಹೇಳುವಾಗ ಅಳತೆ ತಪ್ಪದ ಹಾಗೆ ಹೇಳಬೇಕು. 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬಂದ ಒಂದು ಲೇಖನದಲ್ಲಿ ಬೇರೆಯವರ ಲೇಖನದ ಕೆಲವು ವಾಕ್ಯಗಳು ಹಾಗೇ ಸೇರಿದ್ದವು. ಲೇಖಕರಲ್ಲಿ ಸಿ.ಎನ್.ಆರ್. ರಾವ್ ಇದ್ದರು. ಲೇಖಕರು ಪತ್ರಿಕೆಯಲ್ಲೇ ಕ್ಷಮೆ ಕೇಳಿದರು. ಸಂಶೋಧನೆಯ ಫಲಿತಾಂಶದ ಬಗ್ಗೆ ಯಾವ ತಕರಾರೂ ಇರಲಿಲ್ಲ. ಮೇಲೆ ಹೇಳಿದ ಪ್ರಕರಣಗಳ ಸಾಲಿನಲ್ಲಿ ಇದನ್ನು ನಿಲ್ಲಿಸುವುದು ತಪ್ಪು. ನನಗೆ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಆ ವಾಕ್ಯಗಳನ್ನು ಬರೆದದ್ದು ವಿದ್ಯಾರ್ಥಿ ಎಂಬ ವಿವರಣೆ ಪತ್ರಿಕೆಗಳಲ್ಲಿ ಬಂತು. ಅದು ನಿಜವೇ ಇರಬಹುದು. ಆದರೆ ಲೇಖನಕ್ಕೆ ಮೆಚ್ಚುಗೆ ಬಂದಾಗ ಹೆಸರು ಹಿರಿಯರದ್ದು, ತಪ್ಪು ಕಂಡಾಗ ಕೈ ಕಿರಿಯರದ್ದು ಎನ್ನುವ ಕ್ರಮ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಹೆಚ್ಚಿನವರು ಪ್ರಶ್ನಿಸುವುದೇ ಇಲ್ಲ. ಹೆಸರು ಹಾಕಿಸಿಕೊಂಡವರು ಆ ಲೇಖನದ ಪ್ರತಿ ಸಾಲಿಗೂ ಬಾಧ್ಯಸ್ಥರು. ಓದಲು ಪುರುಸೊತ್ತು ಇಲ್ಲದಿದ್ದರೆ ಹೆಸರು ಬೇಡ ಎನ್ನುವ ದಾರಿ ಯಾವಾಗಲೂ ಇದೆ.

ಟಿಲ್ಬರ್ಗ್‌ನವರು ಮಾಡಿದ್ದು

ಹೀಗೂ ಮಾಡಬಹುದು ಎನ್ನಲು ನನಗೆ ಸಿಕ್ಕ ಉದಾಹರಣೆ ನೆದರ್‌ಲೆಂಡ್ಸ್‌ನದು. ಟಿಲ್ಬರ್ಗ್ ವಿಶ್ವವಿದ್ಯಾಲಯದ ಡೀಡರಿಕ್ ಸ್ಟಾಪೆಲ್ ಸಾಮಾಜಿಕ ಮನೋವಿಜ್ಞಾನದ ದೊಡ್ಡ ಹೆಸರು, ಡೀನ್ ಕೂಡ. ಪ್ರಯೋಗ ನಾನೇ ಮಾಡಿಸುತ್ತೇನೆ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಕೂತಲ್ಲೇ ಅಂಕಿಗಳನ್ನು ಸೃಷ್ಟಿಸಿ, ವಿಶ್ಲೇಷಣೆ ಮಾಡಿ ಎಂದು ಅವರಿಗೆ ಕೊಡುತ್ತಿದ್ದರು. 2011ರಲ್ಲಿ ಮೂವರು ಕಿರಿಯ ಸಂಶೋಧಕರು ತಿಂಗಳುಗಟ್ಟಲೆ ಗುಟ್ಟಾಗಿ ಗಮನಿಸಿ, ದಾಖಲೆ ಕೂಡಿಸಿ, ವಿಭಾಗದ ಮುಖ್ಯಸ್ಥರ ಬಳಿ ಹೋದರು. ಮುಖ್ಯಸ್ಥರು ಸ್ಟಾಪೆಲ್ ಅವರ ಗೆಳೆಯರು. ಆದರೂ ವಿಷಯ ಮೇಲಕ್ಕೆ ಹೋಯಿತು. ಕೆಲವೇ ದಿನಗಳಲ್ಲಿ ಅಮಾನತು, ನಂತರ ವಜಾ.

ನಾನು ಮುಖ್ಯ ಅಂದುಕೊಂಡಿರುವುದು ವಜಾ ಮಾಡಿದ್ದನ್ನಲ್ಲ, ಆಮೇಲೆ ಮಾಡಿದ್ದನ್ನು. ಸ್ಟಾಪೆಲ್ ಹಿಂದೆ ಕೆಲಸ ಮಾಡಿದ್ದ ಆಮ್‌ಸ್ಟರ್‌ಡ್ಯಾಮ್ ಮತ್ತು ಗ್ರೊನಿಂಗನ್ ವಿಶ್ವವಿದ್ಯಾಲಯಗಳೂ ಜೊತೆಗೂಡಿ, ವಿಲೆಮ್ ಲೆವೆಲ್ಟ್ ಎಂಬ ಹಿರಿಯ ವಿಜ್ಞಾನಿಯ ಮುಂದಾಳತ್ವದಲ್ಲಿ ಅವರ ಎಲ್ಲ ಲೇಖನಗಳನ್ನೂ ಒಂದೊಂದಾಗಿ ಪರಿಶೀಲಿಸಿದವು. 55 ಲೇಖನಗಳಲ್ಲಿ ಮೋಸ ಸಾಬೀತಾಯಿತು. ಅವರ ಬಳಿ ಪಿಎಚ್.ಡಿ. ಮಾಡಿದ ಹತ್ತು ಮಂದಿಯ ಪ್ರಬಂಧಗಳಲ್ಲೂ ಸುಳ್ಳು ಅಂಕಿ ಸೇರಿತ್ತು. ಆದರೆ ಆ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿಲ್ಲ, ಅವರು ಮೋಸ ಹೋದವರು ಎಂದು ಸಮಿತಿ ಸ್ಪಷ್ಟವಾಗಿ ಬರೆಯಿತು. 2012ರ ನವೆಂಬರಿನಲ್ಲಿ ಪೂರ್ತಿ ವರದಿ ಸಾರ್ವಜನಿಕವಾಯಿತು, ಇಂಗ್ಲಿಷಿನಲ್ಲೂ. ಯಾವ ಲೇಖನ ನಂಬಬಹುದು, ಯಾವುದು ನಂಬಬಾರದು ಎಂದು ಜಗತ್ತಿನ ಯಾವ ವಿದ್ಯಾರ್ಥಿ ಬೇಕಾದರೂ ನೋಡಬಹುದಿತ್ತು. ಸಹೋದ್ಯೋಗಿಗಳು, ಪತ್ರಿಕೆಗಳ ವಿಮರ್ಶಕರು ಇಷ್ಟು ವರ್ಷ ಏಕೆ ಗಮನಿಸಲಿಲ್ಲ ಎಂಬ ಪ್ರಶ್ನೆಯನ್ನೂ ಆ ವರದಿ ಮುಲಾಜಿಲ್ಲದೆ ಎತ್ತಿತು. ವಿಚಾರಣೆ ಅಂದರೆ ಇದು. ಹಾನಿ ಎಲ್ಲಿಯವರೆಗೆ ಹಬ್ಬಿದೆ ಎಂದು ಪತ್ತೆಹಚ್ಚಿ, ಸಂಬಂಧಪಟ್ಟವರಿಗೆಲ್ಲ ತಿಳಿಸುವುದು.

ಮೂಗರ್ಜಿಯ ಭಯ

ಇದನ್ನೆಲ್ಲ ಗೆಳೆಯರ ಬಳಿ ಹೇಳಿದಾಗ ಒಂದು ಆಕ್ಷೇಪ ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜಾತಿ, ಗುಂಪು, ಕುಲಪತಿ ಹುದ್ದೆಯ ರಾಜಕೀಯ ಎಲ್ಲ ಇದೆ. ಶೋಧನಾ ಸಮಿತಿ ಕೂರುವ ಹೊತ್ತಿಗೆ ಸರಿಯಾಗಿ ಮೂಗರ್ಜಿಗಳು ಹಾರಾಡುತ್ತವೆ. ಇಂಥ ಕಡೆ ಕಠಿಣ ನಿಯಮ ತಂದರೆ ಅದನ್ನು ಬಳಸುವುದು ಯಾರ ಮೇಲೆ? ಬೆಂಬಲವಿಲ್ಲದ ಮೇಷ್ಟ್ರ ಮೇಲೆ, ಮೊದಲ ತಲೆಮಾರಿನಲ್ಲಿ ಪ್ರಾಧ್ಯಾಪಕರಾದವರ ಮೇಲೆ. ಈ ಭಯ ನಿಜ, ನಾನೂ ನೋಡಿದ್ದೇನೆ. ಒಬ್ಬ ಪ್ರಾಮಾಣಿಕ ಅಧ್ಯಾಪಕರು ಸುಳ್ಳು ಆರೋಪ ಹೊತ್ತು, ತೀರ್ಪಿಲ್ಲದೆ ವರ್ಷಗಟ್ಟಲೆ ಬಡ್ತಿ ತಪ್ಪಿಸಿಕೊಂಡು, ತೀರ್ಪಿಲ್ಲದೆಯೇ ನಿವೃತ್ತರಾದರು.

ಆದರೆ ಅವರನ್ನು ಹಾಳು ಮಾಡಿದ್ದು ಕಠಿಣ ನಿಯಮವಲ್ಲ, ಮುಚ್ಚಿದ ಕಡತ. ಸಮಿತಿ ಏನು ನೋಡಿತು, ಏನು ಕಂಡಿತು ಎಂದು ಬರೆದು ಹೊರಗಿಟ್ಟಿದ್ದರೆ ಅವರು ತಲೆ ಎತ್ತಿ ನಡೆಯುತ್ತಿದ್ದರು. ಗುಟ್ಟಿನ ವಿಚಾರಣೆಯಿಂದ ತಪ್ಪು ಮಾಡಿದವರಿಗೆ ರಕ್ಷಣೆ, ಮಾಡದವರಿಗೆ ಕಳಂಕ. ಹೊರ ರಾಜ್ಯದ, ಅದೇ ವಿಷಯ ಬಲ್ಲ, ಇಲ್ಲಿನ ಯಾವ ಗುಂಪಿಗೂ ಸೇರದ ಇಬ್ಬರು ಮೂವರು ಕೂತು ಫೀಲ್ಡ್ ನೋಟ್‌ಬುಕ್, ಪ್ರಯೋಗಾಲಯದ ರಿಜಿಸ್ಟರ್, ಮೂಲ ಅಂಕಿಗಳ ಕಡತ ತರಿಸಿ ನೋಡಿದರೆ ಹೆಚ್ಚಿನ ದೂರುಗಳ ಸತ್ಯಾಸತ್ಯ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ನೀರಿನ ಮಾದರಿ ತಂದವರ ಬಳಿ ಊರು, ದಿನಾಂಕ, ಬಾಟಲಿಯ ನಂಬರು ಇರುತ್ತದೆ. ತರದವರ ಬಳಿ ಇರುವುದಿಲ್ಲ. ಇದನ್ನು ತಿಳಿಯಲು ಶೇಕಡಾವಾರು ಲೆಕ್ಕ ಬೇಕಿಲ್ಲ.

ಬಡ್ತಿಗೆ ಪೇಪರ್ ಎಣಿಸುವ ಪದ್ಧತಿಯೇ ಇದಕ್ಕೆಲ್ಲ ಮೂಲ ಎನ್ನುವವರೂ ಇದ್ದಾರೆ. 2010ರಲ್ಲಿ ಬಂದ, ಬಡ್ತಿಗೆ ಲೆಕ್ಕ ಹಾಕುವ ಎಪಿಐ ಅಂಕಗಳು, ಆಮೇಲೆ ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಹಾವಳಿ, ಅದನ್ನು ತಡೆಯಲು ಯುಜಿಸಿ ತಂದ ಕೇರ್ ಎಂಬ ಮಾನ್ಯ ಪತ್ರಿಕೆಗಳ ಪಟ್ಟಿ, 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟದ್ದು, ಎಲ್ಲ ನಮಗೆ ಗೊತ್ತಿರುವ ಕತೆ. ಒತ್ತಡ ಇರುವುದು ಸತ್ಯ. ಆದರೆ ಅದೇ ಒತ್ತಡದಲ್ಲಿ, ಅದೇ ಸಂಬಳದಲ್ಲಿ, ವಾರಕ್ಕೆ ಅಷ್ಟೇ ತರಗತಿ ತೆಗೆದುಕೊಂಡು, ವರ್ಷಕ್ಕೊಂದು ಸಾಚಾ ಲೇಖನ ಬರೆಯಲು ಒದ್ದಾಡುವ ಅಧ್ಯಾಪಕರೂ ಇದ್ದಾರೆ. ಬಡ್ತಿಯ ಸಾಲಿನಲ್ಲಿ ಅವರು ಹಿಂದೆ ಉಳಿಯುತ್ತಾರೆ. ಒತ್ತಡದ ನೆಪ ಹೇಳುವಾಗ ಅವರ ಮುಖ ನೆನಪಾಗಬೇಕು.

ಹಾಗಾದರೆ ಮಾಡಬೇಕಾದದ್ದೇನು? ಸಾಬೀತಾದ ಪ್ರಕರಣಗಳ ವರದಿಯನ್ನು ಪೂರ್ತಿಯಾಗಿ ಜಾಲತಾಣದಲ್ಲಿ ಹಾಕಬೇಕು. ಲೇಖನ ಹಿಂಪಡೆಯಲು ಜರ್ನಲ್‌ಗೆ ಬರೆಯುವ ಹೊಣೆ ಲೇಖಕರದ್ದಾಗದೆ ವಿಶ್ವವಿದ್ಯಾಲಯದ್ದಾಗಬೇಕು. ದೂರು ಕೊಟ್ಟ ವಿದ್ಯಾರ್ಥಿಗೆ ಅದೇ ವಾರ ಬೇರೆ ಗೈಡ್ ಸಿಗಬೇಕು, ಅವರ ವೈವಾ ಹೊರಗಿನವರ ಉಸ್ತುವಾರಿಯಲ್ಲಿ ನಡೆಯಬೇಕು. ಥೀಸಿಸ್‌ಗೆ ಆಧಾರವಾದ ಮೂಲ ಅಂಕಿಗಳು ಗೈಡಿನ ಪೆನ್‌ಡ್ರೈವಿನಲ್ಲಿ ಉಳಿಯದೆ, ಸಂಗ್ರಹಿಸಿದವರ ಹೆಸರು ಮತ್ತು ದಿನಾಂಕದ ಜೊತೆ ಗ್ರಂಥಾಲಯದಲ್ಲಿ ಠೇವಣಿಯಾಗಬೇಕು. ವಿದ್ಯಾರ್ಥಿಯ ನೋಂದಣಿ ರದ್ದಾಗುವಂಥ ತಪ್ಪನ್ನು ಪ್ರಾಧ್ಯಾಪಕರು ಮಾಡಿದರೆ ಅವರ ಹುದ್ದೆಯ ಪ್ರಶ್ನೆ ಮೊದಲ ಸಲವೇ ಬರಬೇಕು. ಕೊನೆಯದಕ್ಕೆ ಯುಜಿಸಿ ತನ್ನ ನಿಯಮವನ್ನೇ ತಿದ್ದಬೇಕಾಗುತ್ತದೆ. ಉಳಿದವಕ್ಕೆ ಕಾಯಬೇಕಾಗಿಲ್ಲ. ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ನೀತಿ ರೂಪಿಸಿ, ತನ್ನ ಶಾಸನಬದ್ಧ ಮಂಡಳಿಗಳ ಒಪ್ಪಿಗೆ ಪಡೆದು, ಜಾಲತಾಣದ ಮುಖಪುಟದಲ್ಲಿ ಹಾಕಬೇಕೆಂದು 2018ರ ನಿಯಮವೇ ಹೇಳುತ್ತದೆ. ಧಾರವಾಡವಿರಲಿ, ಮೈಸೂರಿರಲಿ, ಕಲಬುರಗಿಯಿರಲಿ, ಸಿಂಡಿಕೇಟಿನ ಮುಂದಿನ ಸಭೆಯ ಅಜೆಂಡಾದಲ್ಲಿ ಇದನ್ನು ಸೇರಿಸಲು ಕುಲಸಚಿವರಿಗೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.